ಶಾಲೆಯ ಗಿಡಕ್ಕೆ ಬೇಸಿಗೆಯ ನೀರು



ಗುಮ್ಮಘಟ್ಟ ಸೀಮೆಯಲ್ಲಿ ವ್ಯಾಪಾರ ಮಾಡುವ ನಮಗೆ ಮಳೆಯ ಲೆಕ್ಕವೂ ಅಂಗಡಿಯ ಲೆಕ್ಕವೂ ಒಂದೇ. ಕಡಲೆಕಾಯಿ ಕೈಗೆ ಬಂದರೆ ರೈತನಲ್ಲಿ ಕಾಸು, ಇಲ್ಲವಾದರೆ ನಮ್ಮ ಖಾತೆಯಲ್ಲಿ ಬಾಕಿ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ. ವೇದಾವತಿಗೆ ಭೈರವಾನಿತಿಪ್ಪದಲ್ಲಿ ಅಣೆಕಟ್ಟು ಉಂಟು, ಅದು ತುಂಬುವ ವರ್ಷಗಳು ಮಾತ್ರ ಕಡಿಮೆ.

ಶಾಲೆಗಳಲ್ಲಿ ಪರಿಸರದ ಪಾಠ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿಯೇ ಹೇಳಿತು. ಶ್ರಾವಕರಿಗೆ ಈ ಪಾಠ ಹೊಸದಲ್ಲ. ಮಣ್ಣು, ನೀರು, ಬೆಂಕಿ, ಗಾಳಿ, ಸಸ್ಯ ಇವುಗಳಲ್ಲಿ ಏಕೇಂದ್ರಿಯ ಜೀವವಿದೆಯೆಂದು ನಮ್ಮ ಮಕ್ಕಳು ಪಾಠಶಾಲೆಯಲ್ಲೇ ಕಲಿಯುತ್ತಾರೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಅನರ್ಥದಂಡವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ.

ಹಿಂದೆ ನಮ್ಮ ಮನೆಗಳಲ್ಲಿ ನೀರು ಸೋಸಿದ ಬಟ್ಟೆಯನ್ನು ತೊಳೆದು, ಆ ಸೂಕ್ಷ್ಮ ಜೀವಿಗಳನ್ನು ಅದೇ ಬಾವಿಗೆ ಬಿಡುತ್ತಿದ್ದರು. ಇದನ್ನು ಹೇಳುತ್ತಿರುವಾಗ ಮೊಮ್ಮಗಳು, "ಅಜ್ಜಾ, ಬೋರ್‌ವೆಲ್ಲಿಗೆ ಹೇಗೆ ಬಿಡುವುದು?" ಎಂದಳು. ನಮಗೆ ಕೂಡಲೇ ಉತ್ತರ ತೋಚಲಿಲ್ಲ. ಬಾವಿ ಬತ್ತಿದರೆ ಆಚಾರಕ್ಕೂ ನೆಲೆ ಇರುವುದಿಲ್ಲ. ಆಚಾರ ಉಳಿಯಬೇಕಾದರೆ ನೆಲದೊಳಗಿನ ನೀರು ಉಳಿಯಬೇಕು ಎಂಬುದೇ ಆಮೇಲೆ ಹೊಳೆದ ಉತ್ತರ.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಳಿಗೆ 100 ಚದರ ಮೀಟರ್ ಇದ್ದರೆ ವರ್ಷಕ್ಕೆ 55,000 ಲೀಟರ್. ಐದರಲ್ಲೊಂದು ಪಾಲು ಸೋರಿ ಆರಿ ಹೋದರೂ 44,000 ಲೀಟರ್ ಕೈಗೆ ಸಿಗುತ್ತದೆ. ಇದನ್ನು ತೊಟ್ಟಿಗೆ ಇಳಿಸಿ, ಹೆಚ್ಚಾದದ್ದನ್ನು ಇಂಗುಗುಂಡಿಗೆ ಬಿಡಬಹುದು. ಅಳೆಯುವ, ಬರೆದಿಡುವ ಕೆಲಸ ಮಕ್ಕಳದ್ದಾಗಲಿ. ಗಣಿತವೂ ಆಯಿತು, ಪರಿಸರವೂ ಆಯಿತು.

ಜೂನ್ 5ರಂದು ಗಿಡ ನೆಟ್ಟು ಫೋಟೋ ತೆಗೆಸುವುದು ಸುಲಭ. ಏಪ್ರಿಲ್ ಕೊನೆಗೆ ಶಾಲೆಗೆ ರಜೆ. ಬಿಸಿಲು ಏರುವುದೂ ಆಗಲೇ. ಗಿಡ ಒಣಗಿದರೆ ಪಾಠವೂ ಒಣಗಿದಂತೆ. ನಮ್ಮ ಅಂಗಡಿಗಳಿಗೆ ಬೇಸಿಗೆ ರಜೆ ಇಲ್ಲವಲ್ಲ! ಶಾಲೆಯ ಹತ್ತಿರದ ಒಂದೊಂದು ಅಂಗಡಿಯವರು ಐದೈದು ಗಿಡಗಳಿಗೆ ನೀರು ಹಾಕುವ ನೇಮ ಹಿಡಿಯಬಾರದೇಕೆ?

ಮಹಾವೀರ ಜಯಂತಿಗೆ ನಾವು ಶಾಲೆಗಳಿಗೆ ದಾನ ಕೊಡುತ್ತೇವೆ. ಪ್ಲಾಸ್ಟಿಕ್ ಪೊಟ್ಟಣದ ಸಿಹಿಗಿಂತ ಸ್ಟೀಲ್ ಲೋಟ, ಬಟ್ಟೆ ಚೀಲ, ಮಳೆನೀರಿನ ತೊಟ್ಟಿ ಕೊಡೋಣ. ಶಾಲೆಯಲ್ಲಿ ಪ್ಲಾಸ್ಟಿಕ್ ಬೇಡವೆಂದು ಕಲಿತ ಮಗು ಸಂಜೆ ನಮ್ಮ ಗಲ್ಲೆಯ ಮುಂದೆಯೇ ನಿಲ್ಲುತ್ತದೆ. ಅದು ನೋಡುವುದು ನಮ್ಮ ಕೈಯನ್ನು, ಮಾತನ್ನಲ್ಲ.

ಜೈ ಜಿನೇಂದ್ರ.