ಚೆಲುವೆಯ ಕಣ್ಣಿಗೆ ವಿಷದ ಹನಿ

ಹಿಂದೆ ಇಟಲಿಯ ಬೆಡಗಿಯರು ಕಣ್ಣಿಗೆ ವಿಷದ ಹನಿಯನ್ನೇ ಬಿಟ್ಟುಕೊಳ್ಳುತ್ತಿದ್ದರಂತೆ! ಮದ್ದುಗುಣಿಕೆಯ ಬಳಗಕ್ಕೆ ಸೇರಿದ ಬೆಲ್ಲಡೋನ ಗಿಡದ ರಸವದು. ಆ ಹೆಸರಿನ ಅರ್ಥವೇ ‘ಚೆಲುವೆ’. ಅದರಲ್ಲಿರುವ ಅಟ್ರೋಪಿನ್ ಕಣ್ಣಿನ ಪಾಪೆಯನ್ನು ಹಿಗ್ಗಿಸುತ್ತದೆ. ನೋಡುವವರಿಗೆ ಆ ನೋಟ ಮೋಹಕ. ಕಣ್ಣಿನೊಡತಿಗಾದರೋ ಬೆಳಕು ಚುಚ್ಚುವುದು, ಹತ್ತಿರದ ವಸ್ತು ಮಸುಕಾಗುವುದು. ಮೆಚ್ಚಿ ಎದುರು ನಿಂತವನ ಮುಖವೇ ಆಕೆಗೆ ಸರಿಯಾಗಿ ಕಾಣದು, ಪಾಪ!

1753ರಲ್ಲಿ ಲಿನೇಯಸ್ ಪಂಡಿತನು ಚೆಲುವೆಯ ಹೆಸರಿಗೆ ಮೊದಲು ‘ಅಟ್ರೋಪ’ ಎಂದು ಸೇರಿಸಿದನು. ಅಟ್ರೋಪಸ್ ಎಂದರೆ ಗ್ರೀಕರ ಪುರಾಣದಲ್ಲಿ ಬಾಳಿನ ನೂಲನ್ನು ಕತ್ತರಿಸುವ ದೇವತೆ. ಐರೋಪ್ಯ ಒಕ್ಕೂಟದ 2009ರ ಶಾಸನವು ಈ ಗಿಡವನ್ನೂ ಮದ್ದುಗುಣಿಕೆಯ ಒಂದು ಜಾತಿಯನ್ನೂ ಪ್ರಸಾಧನ ಸಾಮಗ್ರಿಗಳಿಂದ ಹೊರಗಿಟ್ಟಿದೆ. ನೇತ್ರವೈದ್ಯರು ಮಾತ್ರ ಅಟ್ರೋಪಿನ್ನನ್ನು ಕೈಬಿಟ್ಟಿಲ್ಲ. ಆ ಹನಿ ಹಾಕಿಸಿಕೊಂಡವರು ಕೆಲವು ದಿನ ಪತ್ರಿಕೆಯ ಸಣ್ಣಕ್ಷರಗಳೊಡನೆ ಹೆಣಗಾಡುವರು.