ನಮ್ಮ ಐದನೆಯ ಕಪಾಟು

ಪಾಠ ಹೇಳಿ ಬದುಕಿದವರ ಮನೆಯಲ್ಲಿ ಪುಸ್ತಕದ ಕಪಾಟುಗಳಿರುವುದು ಸಹಜವಷ್ಟೆ. ನಮ್ಮ ಮನೆಯಲ್ಲಿಯೂ ಅಂಥ ನಾಲ್ಕು ಕಪಾಟುಗಳಿವೆ. ಆದರೆ ಐದನೆಯದೊಂದಿದೆ. ಅದರ ಗಾಜಿನ ಬಾಗಿಲ ಮುಂದೆ ನಿಂತ ಅತಿಥಿಗಳು ಮೊದಲು ನಮ್ಮನ್ನು, ಆಮೇಲೆ ನಮ್ಮ ಮನೆಯವರನ್ನು ನೋಡಿ ಮುಗುಳ್ನಗುತ್ತಾರೆ. ಅದರೊಳಗಿರುವವು 117 ಗೊಂಬೆಗಳು. ಮೊಮ್ಮಕ್ಕಳ ಆಟಿಕೆಗಳೆಂದು ಭಾವಿಸಿ ಸುಮ್ಮನಾಗುವವರೇ ಹೆಚ್ಚು. ನಮಗೆ ಮೊಮ್ಮಕ್ಕಳಿಲ್ಲ. ಗೊಂಬೆಗಳೆಲ್ಲವೂ ನಮ್ಮವೇ.

ಒಂಬತ್ತನೆಯ ವಯಸ್ಸಿಗೆ ಮಠದ ಪಾಠಶಾಲೆಯನ್ನು ಸೇರಿ, ಶಬ್ದರೂಪಗಳನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿ, ಮುಂದೆ ಮೂರು ದಶಕಗಳ ಕಾಲ ಸಂಸ್ಕೃತವನ್ನು ಬೋಧಿಸಿದ ನಮಗೆ ಈ ಹವ್ಯಾಸವು ಎಲ್ಲಿಂದ ಅಂಟಿತೆಂದು ಹಲವರು ಕೇಳಿದ್ದಾರೆ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿವವರಿಗೆ ಗೊಂಬೆಯ ಹಂಗೇಕೆಂದು ಹಿರಿಯರೊಬ್ಬರು ನೇರವಾಗಿಯೇ ಆಕ್ಷೇಪಿಸಿದರು. ಗೊಂಬೆಯನ್ನು ನಾವು ಪೂಜಿಸುವುದಿಲ್ಲವೆಂದು ಆಗ ವಿನಯದಿಂದ ಉತ್ತರಿಸಿದೆವು. ನಿಜವಾದ ಕಾರಣವನ್ನು ಮಾತ್ರ ಹೇಳಲಿಲ್ಲ. ಅದನ್ನು ಇಲ್ಲಿ ನಿವೇದಿಸುತ್ತೇವೆ.

1970ರ ಮಾತು. ನಮ್ಮ ಅಕ್ಕನಿಗೆ ಆಗ ಹದಿಮೂರು ವರ್ಷ. ಜಾತ್ರೆಯಲ್ಲಿ ಕೊಂಡ ಮರದ ಗೊಂಬೆಯೊಂದು ಆಕೆಯ ಬಳಿ ಇತ್ತು. ಕೆಂಪು ಸೀರೆ, ಹಳದಿ ಕುಪ್ಪಸ, ಕಾಡಿಗೆಯ ಕಣ್ಣು. ಆಕೆಯ ಮದುವೆಗೆ ಮೂರು ದಿನಗಳಿರುವಾಗ, ಯಾವುದೋ ಜಗಳದಲ್ಲಿ ನಾವು ಆ ಗೊಂಬೆಯನ್ನು ನೆಲಕ್ಕೆ ಬಡಿದೆವು. ಅದರ ಕೈ ಮುರಿಯಿತು. ಅಕ್ಕ ಆ ರಾತ್ರಿಯೆಲ್ಲ ಅತ್ತಳು. ಆಕೆ ಗಂಡನ ಮನೆಗೆ ಹೋದಳು. ಅದೇ ತಿಂಗಳು ನಮ್ಮನ್ನು ಮಠಕ್ಕೆ ಬಿಟ್ಟರು. ಆ ಅಳು ನಮ್ಮ ಕಿವಿಯಿಂದ ಹೋಗಲಿಲ್ಲ.

2011ರಲ್ಲಿ ಕೊಪ್ಪಳದ ಸಮೀಪದ ಕಿನ್ನಾಳಕ್ಕೆ ಹೋಗುವ ಪ್ರಸಂಗ ಒದಗಿತು. ಅಲ್ಲಿ ಚಿತ್ರಗಾರರ ಮನೆಯ ಜಗುಲಿಯ ಮೇಲೆ ಅಂಥದೇ ಗೊಂಬೆ ಕುಳಿತಿತ್ತು. ಬೆಲೆ ಕೇಳದೆ ಕೊಂಡೆವು. "ಮೊಮ್ಮಗಳಿಗೇನ್ರೀ?" ಎಂದು ಮನೆಯವರು ಕೇಳಿದಾಗ "ಹೌದು" ಎಂದುಬಿಟ್ಟೆವು. ಸತ್ಯವನ್ನೇ ನುಡಿಯಬೇಕೆಂದು ಮಕ್ಕಳಿಗೆ ಬೋಧಿಸಿದ ಬಾಯಿ ಗೊಂಬೆಗಾಗಿ ಸುಳ್ಳಾಡಿತು. ಆ ಸುಳ್ಳನ್ನು ಮುಂದೆ ಎಷ್ಟೋ ಅಂಗಡಿಗಳಲ್ಲಿ ಪುನರುಚ್ಚರಿಸಿದ್ದೇವೆಂಬುದನ್ನೂ ಮುಚ್ಚಿಡಲಾರೆವು.

ಒಂದು ಗೊಂಬೆ ಬಂದ ಮೇಲೆ ಇನ್ನೊಂದು ಬರುವುದು ಕಷ್ಟವಲ್ಲ. ಜೊತೆಗೆ ಒಂದೊಂದೂ ಒಂದೊಂದು ಪಾಠವನ್ನು ತಂದಿತು. ಕಿನ್ನಾಳದ ಗೊಂಬೆಯು ಇಡಿಯ ಮರವನ್ನು ಕೆತ್ತಿದ್ದೆಂದೇ ನಾವು ತಿಳಿದಿದ್ದೆವು. ಹಾಗಲ್ಲ. ಹಗುರವಾದ ಮರದಿಂದ ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿಯ ಚಿಂದಿಯನ್ನು ಅದೇ ಅಂಟಿನೊಡನೆ ಕಲಸಿ ಮೈಗೆ ಮೆತ್ತುತ್ತಾರೆ. ಒಡವೆಯ ಉಬ್ಬುಗೆಲಸಕ್ಕೆ ಕಲ್ಲಿನ ಪುಡಿಯ ಸರಿ. ಬಣ್ಣ ಬರುವುದು ಕೊನೆಗೆ. ಹಂಪೆಯಲ್ಲಿ ಚಿತ್ರ ಬರೆದವರ ವಂಶದವರು ಇವರೆಂಬ ಪ್ರತೀತಿಯಿದೆ.

ಚನ್ನಪಟ್ಟಣದ ದಾರಿಯೇ ಬೇರೆ. ಅಲ್ಲಿ ಒಣಗಿಸಿದ ಹಾಲೆಮರದ ತುಂಡು ತಿರುಗಣಿಯಲ್ಲಿ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಲೆ ಬೇಡ, ಕುಂಚವೂ ಬೇಡ. ಬಳಿಕ ಒಣಗಿದ ಗರಿಯಿಂದ ಉಜ್ಜಿದರೆ ಕನ್ನಡಿಯ ಹೊಳಪು. ತಂಜಾವೂರಿನ ಉರುಳುಗೊಂಬೆಯಾದರೋ ಎಷ್ಟು ಸಲ ಕೆಡವಿದರೂ ಎದ್ದು ಕೂಡುತ್ತದೆ. ತಳ ದುಂಡಗೆ ಭಾರವಾಗಿ, ಮೇಲ್ಭಾಗ ಹಗುರವಾಗಿರುವುದೇ ಅದರ ರಹಸ್ಯ. ಅದನ್ನು ಮೇಜಿನ ಮೇಲಿಟ್ಟು ಒಂದು ಸಂಜೆಯೆಲ್ಲ ಕೆಡವುತ್ತ ಕುಳಿತಿದ್ದೆವೆಂದರೆ ಓದುಗರು ನಗಬಾರದು.

ಹಿರಿಯರೂ ಗೊಂಬೆಗೆ ಮನಸೋಲುವುದು ಹೊಸದಲ್ಲವೆಂಬ ಸಮಾಧಾನ ನಮಗೆ ದೆಹಲಿಯಲ್ಲಿ ದೊರೆಯಿತು. ಪ್ರಸಿದ್ಧ ವ್ಯಂಗ್ಯಚಿತ್ರಕಾರ ಶಂಕರ ಪಿಳ್ಳೆಯವರು ಏರ್ಪಡಿಸಿದ ಮಕ್ಕಳ ಸ್ಪರ್ಧೆಗೆ ಬಹುಮಾನವಾಗಿ ಕೊಡಲೆಂದು ಹಂಗೇರಿಯ ರಾಯಭಾರಿಗಳು ಗೊಂಬೆಯೊಂದನ್ನು ನೀಡಿದರಂತೆ. ಶಂಕರರಿಗೆ ಅದರ ಮೇಲೆಯೇ ಮನಸ್ಸಾಯಿತು. ಅಲ್ಲಿಂದ ಬೆಳೆದ ಸಂಗ್ರಹವೇ 1965ರಲ್ಲಿ ತೆರೆದ ಅಂತರರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯ. ನೆಹರೂ ಅವರ ವಿದೇಶ ಪ್ರವಾಸಗಳಲ್ಲಿ ಜೊತೆಗೆ ಹೋಗುತ್ತಿದ್ದ ಶಂಕರರು ಅಲ್ಲಿಂದ ಗೊಂಬೆಗಳನ್ನು ತರುತ್ತಿದ್ದರು. ಅಂಥವರೇ ಹೊತ್ತು ತಂದ ಮೇಲೆ ಪಂಡಿತನಿಗೇಕೆ ನಾಚಿಕೆ?

ಹೀಗೆ ಕಪಾಟು ತುಂಬಿತು. ಪ್ರತಿಯೊಂದು ಗೊಂಬೆಯ ಪಾದದ ಬಳಿ ಊರು, ದ್ರವ್ಯ, ಕೊಂಡ ವರ್ಷಗಳನ್ನು ದುಂಡಕ್ಷರದಲ್ಲಿ ಬರೆದ ಚೀಟಿಯನ್ನಿಟ್ಟೆವು. ಆದರೆ ಯಾರಿಗಾಗಿ ಕೂಡಿಸತೊಡಗಿದೆವೋ ಆಕೆ ಅದನ್ನು ನೋಡಿರಲಿಲ್ಲ. ಹೊಲ, ಮನೆ, ಮಕ್ಕಳ ಕೆಲಸದಲ್ಲಿ ಅಕ್ಕನಿಗೆ ತಮ್ಮನ ಮನೆಯಲ್ಲಿ ನಾಲ್ಕು ದಿನ ನಿಲ್ಲುವ ಬಿಡುವೇ ದೊರೆತಿರಲಿಲ್ಲ. ಕಳೆದ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಬಂದಳು. ಈಗ ಆಕೆಗೆ ಎಪ್ಪತ್ತರ ಹತ್ತಿರ.

ಕಪಾಟಿನ ಬಾಗಿಲು ತೆರೆದು, ಕಿನ್ನಾಳದ ಗೊಂಬೆಯನ್ನು ಆಕೆಯ ಕೈಗಿತ್ತು, ನಾವು ಅಂದು ಮಾಡಿದ ಅಪರಾಧವನ್ನು ನೆನಪಿಸಿ ಕ್ಷಮೆ ಕೇಳಿದೆವು. ಅಕ್ಕ ಗೊಂಬೆಯನ್ನು ಹೊರಳಿಸಿ ನೋಡಿದಳು.

"ಯಾವ ಗೊಂಬಿಯೋ ತಮ್ಮಾ? ನನಗ ನೆಪ್ಪಿಲ್ಲ."

ಆ ರಾತ್ರಿಯ ಅಳುವನ್ನು ನಾವು ಜ್ಞಾಪಿಸಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅತ್ತಿದ್ದು ಖರೆ. ಗೊಂಬೀಗಲ್ಲ. ನಿನಗ ಮಠಕ್ಕ ಒಯ್ಯಾಕ ಅಪ್ಪ ಹೊಸಾ ಪಾಟಿ ತಂದಿದ್ದ. ಗ್ವಾಡೀಗೆ ಆನಿಸಿ ಇಟ್ಟಿದ್ದ. ಅದನ್ನ ನೋಡಿ ಅತ್ತೆ."

ಐವತ್ತಕ್ಕೂ ಹೆಚ್ಚು ವರ್ಷ ಹೊತ್ತ ಭಾರವನ್ನು ಇಳಿಸಲು ಹೋದ ನಮಗೆ, ಅದಕ್ಕಿಂತ ಹಿರಿದಾದ ಭಾರವು ಎಂದಿನಿಂದಲೋ ನಮ್ಮದಾಗಿತ್ತೆಂದು ತಿಳಿಯಿತು. ಅದೇ ಪಾಟಿಯ ಮೇಲೆ ನಾವು ವಿದ್ವಾಂಸರಾದೆವು. ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಆಕೆಯನ್ನು ಕೇಳಿರಲಿಲ್ಲ.

ಅಕ್ಕನ ಮನಸ್ಸಿನಲ್ಲಿ ಕಹಿಯೇನೂ ಇರಲಿಲ್ಲ. ಆಕೆ ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಚೀಟಿಗಳನ್ನು ಓದತೊಡಗಿದಳು. 1990ರ ದಶಕದ ಸಾಕ್ಷರತಾ ಆಂದೋಲನದ ರಾತ್ರಿ ತರಗತಿಯಲ್ಲಿ, ಮಕ್ಕಳನ್ನು ಮಲಗಿಸಿ ಹೋಗಿ ಕಲಿತ ಅಕ್ಷರಗಳವು. ಮೊದಲ ಸಾಲು ಮುಗಿಯಲು ಅರ್ಧ ತಾಸು ಹಿಡಿಯಿತು. ಆಮೇಲೆ ಕೇಳಿದಳು:

"ಊರ ಹೆಸರೈತಿ, ಕಟ್ಟಿಗಿ ಹೆಸರೈತಿ. ಮಾಡಿದವರ ಹೆಸರೆಲ್ಲೈತೋ?"

ಕಾಯಕದ ಹಿರಿಮೆಯನ್ನು ಕುರಿತು ನಾವು ಎಷ್ಟೋ ಸಭೆಗಳಲ್ಲಿ ಉಪನ್ಯಾಸ ಮಾಡಿದ್ದೇವೆ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಪತ್ರ ಬರೆದು, ದೂರವಾಣಿ ಮಾಡಿ, ಸಾಧ್ಯವಾದಲ್ಲಿಗೆ ಮತ್ತೆ ಹೋಗಿ ಹೆಸರುಗಳನ್ನು ಕೇಳುತ್ತಿದ್ದೇವೆ. ಇದುವರೆಗೆ 41 ಚೀಟಿಗಳಲ್ಲಿ ಹೆಸರು ತುಂಬಿದೆ. ಕೆಲವೆಡೆ ಮಾಡಿದವರು ಲಿಂಗೈಕ್ಯರಾಗಿದ್ದಾರೆ, ಕೆಲವೆಡೆ ಮಕ್ಕಳು ಬೇರೆ ಉದ್ಯೋಗಕ್ಕೆ ಹೋಗಿದ್ದಾರೆ. ಹೆಸರನ್ನು ಬರೆದುಕೊಳ್ಳಲು ಬಂದೆವೆಂದಾಗ ಅವರ ಮುಖದಲ್ಲಿ ಕಂಡ ಬೆರಗು, ಗೊಂಬೆಯನ್ನು ಕೊಂಡಾಗ ಕಂಡಿರಲಿಲ್ಲ. ಮೊಮ್ಮಗಳ ಸುಳ್ಳನ್ನೂ ಈಗ ಬಿಟ್ಟಿದ್ದೇವೆ.

ಅಕ್ಕ ನಮ್ಮಲ್ಲಿರುವಾಗಲೇ ಮಣ್ಣೆತ್ತಿನ ಅಮಾವಾಸ್ಯೆ ಬಂದಿತು. ಆಕೆ ಕುಂಬಾರರಿಂದ ಮಣ್ಣು ತರಿಸಿ ಜೋಡೆತ್ತು ಮಾಡಿದಳು. ಗುಲಗಂಜಿಯ ಕಣ್ಣಿಟ್ಟಳು. ಅವುಗಳ ಕತ್ತಿನ ಬಾಗು, ಹಿಣಿಲಿನ ಏರು ನಮ್ಮ 117ರಲ್ಲಿ ಯಾವುದಕ್ಕೂ ಕಡಿಮೆಯಿರಲಿಲ್ಲ. ಅವನ್ನು ಕಪಾಟಿನಲ್ಲಿಡೋಣವೆಂದೆವು. ಆಕೆ ಒಪ್ಪಲಿಲ್ಲ. "ನೀರಿಗೆ ಬಿಡೂದನ್ನ ನೀರಿಗೇ ಬಿಡಬೇಕಪಾ" ಎಂದು ಕೆರೆಗೆ ಒಯ್ದು ಬಿಟ್ಟುಬಂದಳು.

ನಾವು ನಡುವಣ ಹಲಗೆಯಲ್ಲಿ ಎರಡು ಎತ್ತುಗಳಷ್ಟು ಜಾಗವನ್ನು ತೆರವು ಮಾಡಿ, ಖಾಲಿ ಚೀಟಿಯೊಂದನ್ನು ಅಕ್ಕನ ಮುಂದಿಟ್ಟೆವು. ಊರು, ಮಣ್ಣು, ವರ್ಷ, ಕೊನೆಗೆ ತನ್ನ ಹೆಸರು: ಎಲ್ಲವನ್ನೂ ಆಕೆಯೇ ಬರೆದಳು. ಅಕ್ಷರಗಳು ಸ್ವಲ್ಪ ಓರೆಯಾಗಿವೆ. ನಾವು ತಿದ್ದಲಿಲ್ಲ.

ಓದುಗ ಬಂಧುಗಳ ಮನೆಯ ಗೂಡಿನಲ್ಲಿಯೂ ಹಳೆಯದೊಂದು ಗೊಂಬೆ ಇದ್ದೀತು. ಅದನ್ನು ಯಾರು ಮಾಡಿದರೆಂದು ಹಿರಿಯರನ್ನು ಇಂದೇ ಕೇಳಿ ಬರೆದಿಡಿರಿ. ಹಾಗೆ ಕೇಳುವಾಗ ಮನೆಯ ಅಕ್ಕ, ಅತ್ತೆ, ಅವ್ವಂದಿರಿಗೆ ತಾವು ಬಯಸಿದ್ದೇನೆಂದು ಹೇಳುವ ಅವಕಾಶವನ್ನೂ ಕೊಡಿರಿ. ನಾವು ಅದನ್ನು ಬಹಳ ತಡವಾಗಿ ಕೇಳಿದೆವು.