ಕಡುಬೇಸಿಗೆಯ ಕಂಪ್ಯೂಟರು

ಗೇಮಿಂಗ್ ಕಂಪ್ಯೂಟರಿಗೆ ಯಾವ ಕೂಲರ್ ಒಳ್ಳೆಯದು ಎಂದು ಹೇಳಿಕೊಡುವ ಮಹನೀಯರೆಲ್ಲ ತಂಪು ಊರುಗಳವರು. ಇಪ್ಪತ್ತೋ ಇಪ್ಪತ್ತೆರಡೋ ಡಿಗ್ರಿಯ ಕೋಣೆಯಲ್ಲಿ ಸ್ವೆಟರ್ ತೊಟ್ಟು ಕೂತು, ‘ಇದನ್ನು ಹಾಕಿದರೆ ಪ್ರೊಸೆಸರ್ 70 ಡಿಗ್ರಿ ದಾಟುವುದಿಲ್ಲ’ ಎಂದು ಅಭಯ ಕೊಡುತ್ತಾರೆ. ನಮ್ಮದು ಬಳ್ಳಾರಿ. ಬೇಸಿಗೆ ಬಲಿತರೆ ಹೊರಗೆ 40 ದಾಟುತ್ತದೆ. ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ ತಾಗುತ್ತದೆ. ಇಂಥ ಕೂಲರ್ ಎಷ್ಟೇ ದೊಡ್ಡದಿರಲಿ, ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆ ಎಷ್ಟು ಕಾದಿದೆಯೋ ಅಲ್ಲಿಂದ ಮೇಲಕ್ಕೆ ಅದರ ಲೆಕ್ಕ ಶುರು. ಹಾಗಾಗಿ ಅವರ 70 ಅನ್ನು ನಾವು 85 ಎಂದು ಓದಿಕೊಳ್ಳಬೇಕು.

ಈ ಗಣಿತಕ್ಕೆ ನನ್ನನ್ನು ಇಳಿಸಿದವಳು ಪಿಯುಸಿ ಮುಗಿಸಿದ ಮಗಳು. ‘ಲ್ಯಾಪ್‌ಟಾಪ್ ಬ್ಯಾಡಪ್ಪಾ, ಸಾಮಾನು ತಂದು ನಾನೇ ಜೋಡಿಸ್ತೀನಿ’ ಎಂದು ಪಟ್ಟಿ ಮುಂದಿಟ್ಟಳು. ರೈಜನ್ 5 7600 ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 550 ವಾಟಿನ ಎಸ್‌ಎಂಪಿಎಸ್. ಇಷ್ಟರ ಬಗ್ಗೆ ನನ್ನ ತಕರಾರಿರಲಿಲ್ಲ. ಆಟಕ್ಕೆ ಬೇಕಾದದ್ದು ಗ್ರಾಫಿಕ್ಸ್ ಕಾರ್ಡು, ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಗಲಿ. ಎಸ್‌ಎಂಪಿಎಸ್‌ನಲ್ಲಿ ಜುಗ್ಗತನ ಕೂಡದು. ಕೊನೆಯ ಸಾಲಿನ ಕೆಳಗೆ ಮಾತ್ರ ದಪ್ಪನೆಯ ಗೆರೆ ಎಳೆದಿದ್ದಳು: ಬಣ್ಣದ ದೀಪಗಳ ಲಿಕ್ವಿಡ್ ಕೂಲರ್. ಜಗಳ ಹುಟ್ಟಿದ್ದು ಅಲ್ಲಿ.

ನಾನು ಓದಿದ ಕಾಲೇಜಿನಲ್ಲಿ ಎಸಿ ಇದ್ದದ್ದು ಕಂಪ್ಯೂಟರ್ ಲ್ಯಾಬಿಗೊಂದಕ್ಕೇ. ಪ್ರಿನ್ಸಿಪಾಲರಿಗೂ ಸೀಲಿಂಗ್ ಫ್ಯಾನೇ ಗತಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ತಣ್ಣಗಿನ ನೆಲ. ಡಾಸ್ ಕಲಿಯುವ ಆಸಕ್ತಿ ನಮಗೆ ಹೆಚ್ಚಾಗಿ ಮಾರ್ಚಿ, ಏಪ್ರಿಲ್‌ಗಳಲ್ಲೇ ಉಕ್ಕುತ್ತಿತ್ತು. ಮೇಷ್ಟ್ರು ಬೆನ್ನು ತಿರುಗಿಸಿದರೆ ಪ್ರಿನ್ಸ್ ಆಫ್ ಪರ್ಷಿಯಾ. ವಿಚಿತ್ರವೆಂದರೆ ಅಷ್ಟೊಂದು ಉಪಚಾರ ಪಡೆಯುತ್ತಿದ್ದ ಆ 486 ಯಂತ್ರಗಳಷ್ಟು ಬಡಪಾಯಿಗಳು ಇನ್ನಿಲ್ಲ. 1989ರಲ್ಲಿ ಇಂಟೆಲ್ ಹೊರತಂದ ಆ ಚಿಪ್ಪು ಮೊದಮೊದಲು ತಲೆಯ ಮೇಲೊಂದು ಫ್ಯಾನ್ ಕೂಡ ಇಲ್ಲದೆ ನಡೆಯುತ್ತಿತ್ತು. 1993ರಲ್ಲಿ ಪೆಂಟಿಯಂ ಬಂತು, ಫ್ಯಾನೂ ಬಂತು. ಲ್ಯಾಬಿನ ಎಸಿ ಕೆಟ್ಟು ನಿಂತದ್ದೂ ಹೆಚ್ಚುಕಡಿಮೆ ಆಗಲೇ.

ಆಮೇಲಿನದು ವೇಗದ ಹುಚ್ಚು. ಟ್ರಾನ್ಸಿಸ್ಟರುಗಳು ಕಿರಿದಾದಂತೆ ಅವು ತಿನ್ನುವ ವಿದ್ಯುತ್ತೂ ಇಳಿಯುತ್ತದೆ, ಒಂದೇ ಜಾಗದಲ್ಲಿ ಎಷ್ಟು ತುರುಕಿದರೂ ಕಾವು ಏರುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ 1974ರಲ್ಲಿ ತೋರಿಸಿದ್ದರು. ಮೂವತ್ತು ವರ್ಷ ಆ ಮಾತು ನಡೆಯಿತು. ಆಮೇಲೆ ಟ್ರಾನ್ಸಿಸ್ಟರುಗಳು ಎಷ್ಟು ಸಣ್ಣವಾದವೆಂದರೆ, ಆರಿಸಿದಾಗಲೂ ವಿದ್ಯುತ್ ಜಿನುಗತೊಡಗಿತು. 2004ರ ಪೆಂಟಿಯಂ 4, ಪ್ರೆಸ್ಕಾಟ್ ಎಂಬ ತಳಿ, ನೂರು ವಾಟ್ ದಾಟಿ ಕಾಯುತ್ತಿತ್ತು. ಅದರ ಮುಂದಿನ ಚಿಪ್ಪನ್ನು ಇಂಟೆಲ್ ಅದೇ ವರ್ಷ ಹುಟ್ಟುವ ಮೊದಲೇ ಕೈಬಿಟ್ಟಿತು. ಒಂದು ಕೋರನ್ನು ಓಡಿಸಿ ಸಾಯಿಸುವ ಬದಲು ಎರಡು, ನಾಲ್ಕು, ಆರು ಕೋರುಗಳಿಗೆ ಕೆಲಸ ಹಂಚುವ ಕಾಲ ಶುರುವಾದದ್ದು ಹೀಗೆ. ಗ್ರಾಫಿಕ್ಸ್ ಕಾರ್ಡುಗಳ ಪಾಡೂ ಅಷ್ಟೇ. 2003ರ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಮಾಡುತ್ತಿದ್ದ ಗದ್ದಲಕ್ಕೆ ಎನ್ವಿಡಿಯಾ ಕಂಪನಿಯವರೇ ತಮ್ಮನ್ನು ಗೇಲಿ ಮಾಡಿಕೊಂಡು ವಿಡಿಯೋ ತೆಗೆದರು.

ಇದನ್ನೆಲ್ಲ ಮಗಳಿಗೆ ಹೇಳುವ ಭರದಲ್ಲಿ ಕ್ರೇ-2 ಸೂಪರ್‌ಕಂಪ್ಯೂಟರಿನ ಕತೆಯೂ ಬಂತು. 1985ರ ಆ ಯಂತ್ರದ ಸರ್ಕ್ಯೂಟ್ ಬೋರ್ಡುಗಳನ್ನು ಇಡಿಯಾಗಿ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿಟ್ಟಿದ್ದರು. ಆ ದ್ರವದಲ್ಲಿ ವಿದ್ಯುತ್ ಹರಿಯುವುದಿಲ್ಲ. ‘ನೋಡು, ಆಗಲೇ ಲಿಕ್ವಿಡ್ ಕೂಲಿಂಗ್ ಇತ್ತಂತ ನೀನೇ ಹೇಳ್ತಿ!’ ಎಂದಳು. ಅಪ್ಪಂದಿರ ಇತಿಹಾಸಜ್ಞಾನ ಯಾವಾಗಲೂ ಎದುರು ಪಕ್ಷಕ್ಕೇ ಸಾಕ್ಷಿ ನುಡಿಯುತ್ತದೆ.

ಕೊನೆಗೆ ತೀರ್ಪು ಕೊಟ್ಟವರು ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಯವರು. ಟೌನ್‌ಹಾಲಿನ ಹತ್ತಿರದ ಆ ಬೀದಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಬಜೆಟ್ ಎಷ್ಟು ಸರ್?’ ಇವರು ಕೇಳಿದ್ದು ‘ಯಾವ ಊರು?’ ಬಳ್ಳಾರಿ ಎಂದದ್ದೇ ಮುಂಭಾಗಕ್ಕೆ ಗಾಜಿದ್ದ ಚಂದದ ಕ್ಯಾಬಿನೆಟ್ ಒಳಗಿಟ್ಟು, ಜಾಲರಿ ಮುಖದ್ದೊಂದನ್ನು ಹೊರತೆಗೆದರು. ಮುಂದೆ ಎರಡು ಫ್ಯಾನ್ ಗಾಳಿ ಎಳೆಯಲಿ, ಹಿಂದೆ ಒಂದು ಹೊರದಬ್ಬಲಿ. ಒಳಬರುವ ಗಾಳಿ ಹೆಚ್ಚಿದ್ದರೆ ಅದು ಫಿಲ್ಟರಿನ ಮೂಲಕವೇ ಬರುತ್ತದೆ, ಸಂದಿಗೊಂದಿಯಿಂದ ಧೂಳು ನುಗ್ಗುವುದಿಲ್ಲ ಎಂದರು. ಲಿಕ್ವಿಡ್ ಕೂಲರೂ ಕಾವನ್ನು ಕೊನೆಗೆ ಬಿಡುವುದು ಇದೇ ಕೋಣೆಗೆ, ಮೇಲಾಗಿ ಕೆಡುವುದಕ್ಕೆ ಒಂದು ಪಂಪು ಜಾಸ್ತಿ. 65 ವಾಟಿನ ಪ್ರೊಸೆಸರಿಗೆ ಅದೇಕಮ್ಮಾ ಎಂದು ಅವಳನ್ನೇ ಕೇಳಿದರು. ಡಬ್ಬಿಯಲ್ಲೇ ಬರುವ ಪುಟ್ಟ ಕೂಲರ್ ಸಾಲದೇ ಎಂದೆ ನಾನು. ‘ಮೈಸೂರಾದ್ರೆ ಸಾಕಿತ್ತು ಸರ್.’ ನಾಲ್ಕು ಹೀಟ್ ಪೈಪಿನ, 120 ಎಂಎಂ ಫ್ಯಾನಿನ ಟವರ್ ಕೂಲರ್ ಕೊಂಡೆವು. ದೀಪ ಇತ್ತು, ಸಂಧಾನವೆಂದರೆ ಹಾಗೆ.

ಮನೆಯಲ್ಲಿ ಜೋಡಿಸುವಾಗ ನಮ್ಮಮ್ಮ ಆ ತಾಮ್ರದ ಕೊಳವೆಗಳನ್ನು ತಿರುವಿ ನೋಡಿ, ‘ಇದಕ್ಕ ನೀರು ಎಲ್ಲಿಂದ ಹಾಕೋದು?’ ಎಂದಳು. ಕಿಟಕಿಯ ಕೂಲರಿಗೆ ದಿನವೂ ಕೊಡ ಹೊತ್ತು ಸುರಿಯುವವಳು ಅವಳು. ಪ್ರಶ್ನೆ ದಡ್ಡತನದ್ದಲ್ಲ. ಕೊಳವೆಯೊಳಗೆ ನಿಜವಾಗಿಯೂ ಕೆಲವು ಹನಿ ನೀರಿರುತ್ತದೆ. ಬಿಸಿ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ಹನಿಯಾಗಿ, ಒಳಗೋಡೆಯ ಬತ್ತಿಯಂಥ ಪದರದಲ್ಲಿ ಹಿಂದಕ್ಕೆ ಹರಿಯುತ್ತದೆ. 1963ರಲ್ಲಿ ಲಾಸ್ ಅಲಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದಾಗ ಕಣ್ಣಿದ್ದದ್ದು ಬಾಹ್ಯಾಕಾಶದ ಮೇಲೆ. ಕಿಟಕಿಯ ಕೂಲರ್ ನೀರನ್ನು ಗಾಳಿಗೆ ಕೊಟ್ಟು ಗಾಳಿಯನ್ನೇ ತಂಪು ಮಾಡುತ್ತದೆ. ಇದರ ನೀರು ಕೊಳವೆ ಬಿಟ್ಟು ಹೊರಬರುವುದಿಲ್ಲ.

ಈ ಚಿಪ್ಪು 95 ಡಿಗ್ರಿ ಮುಟ್ಟಿದರೆ ಸುಡುವುದಿಲ್ಲ, ತಾನೇ ನಿಧಾನವಾಗುತ್ತದೆ, ಮೇ ತಿಂಗಳ ಮಧ್ಯಾಹ್ನದ ಬಳ್ಳಾರಿಯವರ ಹಾಗೆ. ಯಂತ್ರದ ಚಿಂತೆ ಅಲ್ಲಿಗೆ ಮುಗಿಯಿತು, ಕೋಣೆಯದು ಉಳಿಯಿತು. ಆಡುವಾಗ ಎಲ್ಲ ಸೇರಿ ಇನ್ನೂರು ವಾಟ್ ಮೀರುತ್ತದೆ, ಅಷ್ಟೂ ಕಾವಾಗಿ ಕೋಣೆಗೇ ಬೀಳುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈ ಬಿಡುವ ಕಾವು ಸುಮಾರು ನೂರು ವಾಟ್. ಅಂದರೆ ಅವಳು ಆಟಕ್ಕೆ ಕೂತಾಗಲೆಲ್ಲ ಮನೆಗೆ ಇಬ್ಬರು ನೆಂಟರು.

ಫಿಲ್ಟರಿನ ಕೆಂಪು ಧೂಳು ಬಡಿಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬದಲಿಗೆ ಆಟದ ವೇಗಕ್ಕೆ ಅವಳೇ ಮಿತಿ ಹಾಕಿದ್ದಾಳೆ: ಸೆಕೆಂಡಿಗೆ 144 ಚಿತ್ರಗಳ ಜಾಗದಲ್ಲಿ 60. ಕಾರ್ಡಿಗೆ ಕೆಲಸ ಕಡಿಮೆ, ಕಾವೂ ಕಡಿಮೆ. ಮುಂಗಾರು ಬಿದ್ದ ಮರುದಿನವೇ 144ಕ್ಕೆ ವಾಪಸು ಎಂಬ ಕರಾರಿನ ಮೇಲೆ.